ಹಾದಿಬದಿಯ ಪುನರ್ನವೆ



ಹಣ ಕೊಟ್ಟು ತಂದ ಔಷಧದ ಮೇಲೆ ಮನುಷ್ಯನಿಗೆ ಇರುವಷ್ಟು ಆದರವು ಕಾಲಕೆಳಗೆ ಬೆಳೆದ ಗಿಡದ ಮೇಲೆ ಇರುವುದಿಲ್ಲ. ತುಳಿದು ದಾಟಿದ್ದನ್ನು ತಿರುಗಿ ನೋಡುವವರು ವಿರಳ. ಈ ವ್ಯಾಖ್ಯಾನದ ವಿಷಯವು ಅಂಥ ಒಂದು ಗಿಡವೇ ಆಗಿದೆ. ಸಂಸ್ಕೃತದಲ್ಲಿ ಅದಕ್ಕೆ ಪುನರ್ನವಾ ಎಂದು ಹೆಸರು. ಕನ್ನಡದಲ್ಲಿ ಕೊಮ್ಮೆ ಎಂತಲೂ ಸನಾಡಿಕ ಎಂತಲೂ ಕರೆಯುವರು. ಗಡಿಭಾಗದ ಮರಾಠಿ ಮನೆಗಳಲ್ಲಿ ಅದು ಘೇಟುಳಿ. ಚಿಕ್ಕೋಡಿಯ ಗುಡ್ಡದ ಓರೆಯಲ್ಲಿ, ನಿಪ್ಪಾಣಿಯ ಹೊಲದ ಬದುವಿನಲ್ಲಿ, ಕಾಗವಾಡ ರಾಯಬಾಗಗಳ ರೈಲುಹಾದಿಯ ಮಗ್ಗುಲಲ್ಲಿ, ಅಥಣಿಯ ಹಾಳುಗೋಡೆಯ ಬುಡದಲ್ಲಿ, ಯಾರೂ ಬಿತ್ತದೆ ಯಾರೂ ನೀರೆರೆಯದೆ ಹಬ್ಬುವ ಗಿಡವಿದು.

ಪ್ರತಿಯೊಂದು ನಾಡಿಗೂ ಇಂಥದೊಂದು ಹಾದಿಗಿಡವುಂಟು. ಯೂರೋಪ ಖಂಡದಲ್ಲಿ ಪ್ಲಾಂಟೇನ್ ಎಂಬ ಅಗಲ ಎಲೆಯ ಗಿಡವು ಕಾಲುದಾರಿಯ ಉದ್ದಕ್ಕೂ ಬೆಳೆಯುವುದು. ಅಲ್ಲಿಯ ಹಳ್ಳಿಗರು ಅದರ ಎಲೆಯನ್ನು ಜಜ್ಜಿ ಗಾಯಕ್ಕೆ ಕಟ್ಟುತ್ತಿದ್ದರು. ಎಳೆಯ ಎಲೆಯನ್ನು ಬೇಯಿಸಿ ಉಣ್ಣುತ್ತಿದ್ದರು. ಮಲಬದ್ಧತೆಗೆ ಇಲ್ಲಿಯ ಅಂಗಡಿಗಳಲ್ಲಿ ದೊರೆಯುವ ಇಸಬಗೋಲವು ಅದೇ ಕುಲದ ಇನ್ನೊಂದು ಗಿಡದ ಬೀಜದ ಹೊಟ್ಟು. ಅಲ್ಲಿ ಪ್ಲಾಂಟೇನಿಗೆ ಇದ್ದ ಸ್ಥಾನವೇ ಈ ಐದು ತಾಲೂಕುಗಳಲ್ಲಿ ಕೊಮ್ಮೆಗೆ ಸಲ್ಲತಕ್ಕದ್ದು.

ಪುನಃ ನವವಾಗುವುದರಿಂದ ಪುನರ್ನವಾ. ಬೇಸಗೆಯಲ್ಲಿ ಅದರ ಬಳ್ಳಿಯೆಲ್ಲ ಒಣಗಿ ನೆಲದ ಮೇಲೆ ಗುರುತೇ ಉಳಿಯದಂತಾಗುವುದು. ಆದರೆ ಬೇರು ಸಾಯುವುದಿಲ್ಲ. ಮಿರಗದ ಮಳೆ ಎರಡು ಸಲ ಬಿದ್ದ ಕೂಡಲೆ ಆ ಬೇರಿನಿಂದಲೇ ಹೊಸ ಕುಡಿಗಳು ಒಡೆಯುವವು. ಆದುದರಿಂದಲೇ ಅದಕ್ಕೆ ವರ್ಷಾಭೂ ಎಂಬ ಹೆಸರೂ ಇದೆ. ಪಶ್ಚಿಮದ ನಿಪ್ಪಾಣಿಯಿಂದ ಪೂರ್ವದ ಅಥಣಿಗೆ ಬಂದಂತೆ ಮಳೆಯು ಕಡಿಮೆಯಾಗುತ್ತ ಬರುವುದು. ಆದರೂ ಆಳಕ್ಕಿಳಿದ ದಪ್ಪ ಬೇರಿನ ಬಲದಿಂದ ಈ ಗಿಡವು ಅಥಣಿಯ ಒಣನೆಲದಲ್ಲಿಯೂ ಜೀವ ಹಿಡಿದಿರುವುದು.

ಗಿಡದ ಗುಣವನ್ನು ಕೇಳುವವರು ಬಹಳ. ಗುರುತನ್ನು ಕೇಳುವವರು ಸ್ವಲ್ಪ. ಗುರುತಿಲ್ಲದ ಗುಣವು ಕುರುಡನ ಕೈಯ ದೀಪದಂತೆ. ಏಕೆಂದರೆ ಕೊಮ್ಮೆಯ ಪಕ್ಕದಲ್ಲಿಯೇ, ಅದೇ ಮಳೆಗೆ, ಅದನ್ನೇ ಹೋಲುವ ಇನ್ನೊಂದು ಗಿಡವು ಹುಟ್ಟುವುದು. ಅದನ್ನು ಮುಚ್ಚುಗೋಣಿ ಎನ್ನುವರು. ಸಸ್ಯಶಾಸ್ತ್ರಜ್ಞರು ಕೊಮ್ಮೆಗೆ ಬೋರ್ಹೇವಿಯಾ ಡಿಫ್ಯೂಸಾ ಎಂದೂ ಮುಚ್ಚುಗೋಣಿಗೆ ಟ್ರಯಾಂಥೆಮಾ ಪೋರ್ಚುಲಕಾಸ್ಟ್ರಮ್ ಎಂದೂ ಹೆಸರಿಟ್ಟು, ಎರಡನ್ನೂ ಬೇರೆ ಬೇರೆ ಕುಟುಂಬಗಳಲ್ಲಿ ಸೇರಿಸಿದ್ದಾರೆ. ಎರಡೂ ನೆಲದ ಮೇಲೆ ಹರಡುವವು. ಎರಡರಲ್ಲಿಯೂ ಎದುರುಬದುರಾಗಿರುವ ಜೋಡಿ ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಎಲೆಯೊಂದನ್ನೇ ನೋಡಿ ಕೀಳುವವನು ಮೋಸಹೋಗುವುದು ಇಲ್ಲಿಯೇ.

ಭೇದವನ್ನು ಹೂವಿನಲ್ಲಿಯೂ ಕಾಯಿಯಲ್ಲಿಯೂ ನೋಡತಕ್ಕದ್ದು. ಕೊಮ್ಮೆಯ ಹೂಗಳು ಅತಿ ಸಣ್ಣವು, ನಸುಗೆಂಪು ಬಣ್ಣದವು. ತೆಳ್ಳನೆಯ ಉದ್ದ ತೊಟ್ಟುಗಳ ತುದಿಯಲ್ಲಿ ಸಣ್ಣ ಗೊಂಚಲಾಗಿ ಎಲೆಗಳಿಂದ ದೂರಕ್ಕೆ ಚಾಚಿರುವವು. ಅದರ ಕಾಯಿಗೆ ಐದು ಏಣುಗಳಿದ್ದು ಮೈಯೆಲ್ಲ ಅಂಟು; ಹಾದಿಯಲ್ಲಿ ಹೋಗುವವರ ಧೋತರಕ್ಕೂ ದನದ ಕಾಲಿಗೂ ಹತ್ತಿಕೊಂಡು ಊರೂರಿಗೆ ಹೋಗುವುದು. ಮುಚ್ಚುಗೋಣಿಯ ಹೂವಿಗೆ ತೊಟ್ಟಿಲ್ಲ. ಎಲೆಯ ಬುಡದ ಚೀಲದಂಥ ಪೊರೆಯಲ್ಲಿ ಒಂಟಿಯಾಗಿ ಅಡಗಿರುವುದು. ಅದರ ಕಾಯಿಯು ಮುಚ್ಚಳದ ಕರಡಿಗೆಯಂತೆ ತೆರೆಯುವುದು. ಒಳಗೆ ಕಪ್ಪು ಬೀಜ. ಕಾಂಡವೂ ಎಲೆಯೂ ಕೊಮ್ಮೆಗಿಂತ ಹೆಚ್ಚು ರಸಭರಿತ. ಬೇರು ವರ್ಷಾನುವರ್ಷ ಬಾಳುವಂಥದಲ್ಲ. ಅಂಟಿನ ಕಾಯಿ ಕೊಮ್ಮೆ, ಮುಚ್ಚಳದ ಕಾಯಿ ಮುಚ್ಚುಗೋಣಿ: ಇಷ್ಟನ್ನು ಶಾಲೆಯ ಹುಡುಗನೂ ನೆನಪಿಡಬಲ್ಲನು.

ಈ ಎಚ್ಚರವು ಹೊಸದಲ್ಲ. ಚರಕಸಂಹಿತೆಯಲ್ಲಿ ಹತ್ತು ಹತ್ತು ದ್ರವ್ಯಗಳ 50 ಗಣಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಬೆವರಿಸುವ ಚಿಕಿತ್ಸೆಗೆ ನೆರವಾಗುವ ಗಣದಲ್ಲಿಯೂ ಕೆಮ್ಮನ್ನು ಕಳೆಯುವ ಗಣದಲ್ಲಿಯೂ ‘ವೃಶ್ಚೀರ’ ಮತ್ತು ‘ಪುನರ್ನವಾ’ ಎಂಬ ಎರಡು ಹೆಸರುಗಳು ಒಟ್ಟಿಗೆ ಬಂದಿವೆ. ಒಂದೇ ಗಿಡವಾಗಿದ್ದರೆ ಒಂದೇ ಗಣದಲ್ಲಿ ಎರಡು ಸಲ ಹೇಳುವ ಕಾರಣವಿರಲಿಲ್ಲ. ವಯಸ್ಸನ್ನು ನಿಲ್ಲಿಸುವ ವಯಃಸ್ಥಾಪನ ಗಣದಲ್ಲಿಯಾದರೋ ಪುನರ್ನವೆಯ ಹೆಸರು ಮಾತ್ರ ಇದೆ. ಮುಂದೆ ಭಾವಪ್ರಕಾಶದಲ್ಲಿ ಬಿಳಿದು, ಕೆಂಪು ಎಂದು ಎರಡು ಬಗೆಯನ್ನು ಬೇರ್ಪಡಿಸಿದರು. ಪ್ರಾಚೀನರು ಬೇರೆ ಮಾಡಿದ್ದನ್ನು ಅಂಗಡಿಯವನ ಗೋಣಿಚೀಲವು ಮತ್ತೆ ಒಂದು ಮಾಡಬಾರದು. ಒಣಗಿ ತುಂಡಾದ ಬೇರನ್ನು ಕಣ್ಣಿನಿಂದ ಗುರುತಿಸುವುದು ಪಂಡಿತರಿಗೂ ಕಠಿಣ. ಮುಚ್ಚುಗೋಣಿಯ ಬೇರಾದರೋ ತೀವ್ರವಾದ ವಿರೇಚಕ. ಗರ್ಭಿಣಿಯರಿಗೆ ಅದು ಸರ್ವಥಾ ವರ್ಜ್ಯ.

ಇನ್ನು ಗುಣದ ಮಾತು. ಶೋಥವೆಂದರೆ ಬಾವು, ಅದನ್ನು ಕಳೆಯುವುದರಿಂದ ಕೊಮ್ಮೆಗೆ ಶೋಥಘ್ನೀ ಎಂಬ ಬಿರುದು. ಪುನರ್ನವೆ, ಬೇವು, ಪಟೋಲ, ಶುಂಠಿ, ಕಟುಕರೋಹಿಣಿ, ಅಮೃತಬಳ್ಳಿ, ಮರದರಿಸಿನ, ಅಳಲೆಕಾಯಿ ಈ ಎಂಟು ಸೇರಿದರೆ ಪುನರ್ನವಾಷ್ಟಕ ಕಷಾಯ. ಮೈಯೆಲ್ಲ ಬಾತಾಗ, ಉದರರೋಗದಲ್ಲಿ, ಕೆಮ್ಮು ದಮ್ಮುಗಳಲ್ಲಿ ವೈದ್ಯರು ಇದನ್ನು ಕೊಡುವರು. ಪಾಂಡುರೋಗಕ್ಕೆ ಲೋಹದ ಮಂಡೂರದೊಡನೆ ಸೇರಿಸಿದ ಪುನರ್ನವಾಮಂಡೂರವು ಚರಕನ ಕಾಲದಿಂದಲೂ ಪ್ರಸಿದ್ಧ. ಕಷಾಯದ ಕ್ರಮವನ್ನು ಶಾರ್ಙ್ಗಧರನು ಹೇಳಿದ್ದಾನೆ: ಜಜ್ಜಿದ ಒಂದು ಪಾಲು ಔಷಧಕ್ಕೆ 16 ಪಾಲು ನೀರು, ಮಣ್ಣಿನ ಪಾತ್ರೆಯಲ್ಲಿ ಕುದಿಸಿ ಎಂಟರಲ್ಲಿ ಒಂದು ಪಾಲು ಉಳಿದಾಗ ಇಳಿಸತಕ್ಕದ್ದು. ಬೇರನ್ನು ಜೇನಿನಲ್ಲಿ ತೇಯ್ದು ಕಣ್ಣಿಗೆ ಅಂಜನ ಮಾಡುವ ಪದ್ಧತಿಯೂ ಹಿಂದೆ ಇತ್ತು. ಮನೆಯಲ್ಲಿ ತೇಯ್ದದ್ದನ್ನು ಕಣ್ಣಿಗೆ ಹಾಕುವುದು ಇಂದು ಯುಕ್ತವಲ್ಲ.

ಔಷಧಕ್ಕಿಂತ ಮೊದಲು ಕೊಮ್ಮೆಯು ಅನ್ನ. ಮಳೆಗಾಲದ ಆರಂಭದಲ್ಲಿ, ಹಿತ್ತಿಲ ಕಾಯಿಪಲ್ಯ ಇನ್ನೂ ಕೈಗೆ ಬಾರದ ದಿನಗಳಲ್ಲಿ, ಈ ಎಳೆಯ ಸೊಪ್ಪು ಬಡವರ ರೊಟ್ಟಿಗೆ ಜೊತೆಯಾಗತಕ್ಕದ್ದು. ಹೂಬಿಡುವ ಮೊದಲಿನ ಕುಡಿಗಳನ್ನೇ ಆಯಬೇಕು, ಬಲಿತರೆ ನಾರು. ಆದರೆ ಆಗ ಹೂವೂ ಕಾಯಿಯೂ ಇರುವುದಿಲ್ಲವಾದುದರಿಂದ, ಹಿಂದಿನ ವರ್ಷ ಕಾಯಿ ನೋಡಿ ಗುರುತಿಟ್ಟ ನೆಲದಲ್ಲಿ, ಹಳೆಯ ಬೇರಿನಿಂದಲೇ ಒಡೆದ ಕುಡಿಗಳನ್ನು ಆಯುವುದು ಕ್ಷೇಮ. ಚೆನ್ನಾಗಿ ತೊಳೆದು, ಒಮ್ಮೆ ಕುದಿಸಿ ಆ ನೀರನ್ನು ಚೆಲ್ಲಿ, ಹೆಸರುಬೇಳೆ ಅಥವಾ ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಒಳ್ಳೆಯ ಪಲ್ಯವಾಗುವುದು.

ಪಶ್ಚಿಮದ ವಿದ್ಯೆಯೂ ಈ ಗಿಡವನ್ನು ಅಲಕ್ಷಿಸಲಿಲ್ಲ. ಅದರ ಶಾಸ್ತ್ರೀಯ ನಾಮವೇ ಲೈಡನ್ ನಗರದ ಪ್ರಖ್ಯಾತ ವೈದ್ಯ ಬೋರ್ಹಾವೆಯವರ (1668–1738) ಸ್ಮಾರಕವಾಗಿದೆ. ಬ್ರೆಜಿಲ್ ದೇಶದ ಜನರೂ ಯಕೃತ್ತಿನ ಬೇನೆಗೆ ಇದನ್ನು ಬಳಸುವರು. ಕಲಕತ್ತೆಯಲ್ಲಿ ದೇಶೀಯ ಔಷಧಗಳನ್ನು ಪರೀಕ್ಷಿಸಿದ ರಾಮನಾಥ ಚೋಪ್ರಾ ಅವರು 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪುನರ್ನವೆಗೂ ಸ್ಥಾನವುಂಟು. ಅದರಲ್ಲಿ ಪುನರ್ನವೀನ್ ಎಂಬ ಸಾರವೂ ಪೊಟ್ಯಾಸಿಯಮ್ಮಿನ ಲವಣಗಳೂ ಇವೆಯೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಮೂತ್ರವನ್ನು ಹೆಚ್ಚಿಸುವ ಶಕ್ತಿಗೆ ಈ ಲವಣಗಳೂ ಒಂದು ಕಾರಣ.

ಆದರೆ ಗುಣವಿರುವಲ್ಲಿಯೇ ಅಪಾಯವೂ ಇರುವುದು. ಮೂತ್ರಪಿಂಡವು ಕೆಟ್ಟವನ ಮೈಯಿಂದ ಪೊಟ್ಯಾಸಿಯಮ್ ಸರಿಯಾಗಿ ಹೊರಗೆ ಹೋಗುವುದಿಲ್ಲ; ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಅಂಥವನ ಕಾಲು ಬಾತಿರುವುದನ್ನು ಕಂಡು ನೆರೆಯವರು ಕರುಣೆಯಿಂದ ಕೊಮ್ಮೆಯ ಕಷಾಯ ಕೊಟ್ಟರೆ, ಆ ಕರುಣೆಯೇ ಅವನಿಗೆ ಮೃತ್ಯುವಾದೀತು. ಬಾವು ಒಂದು ರೋಗವಲ್ಲ, ರೋಗದ ಲಕ್ಷಣ. ಹೃದಯ, ಯಕೃತ್ತು, ಮೂತ್ರಪಿಂಡ ಯಾವುದು ಸೋತರೂ ಕಾಲು ಬಾಯುವುದು. ಆದುದರಿಂದ ಮುಖವೋ ಪಾದವೋ ಬಾತವನನ್ನು ಮೊದಲು ವೈದ್ಯನಲ್ಲಿಗೆ ಕರೆದೊಯ್ದು ರಕ್ತ ಮೂತ್ರಗಳ ಪರೀಕ್ಷೆ ಮಾಡಿಸತಕ್ಕದ್ದು. ಗಿಡದ ಮಾತು ಆಮೇಲೆ. ಮನೆಯ ಮದ್ದಿನಲ್ಲಿ ಕಳೆದ ಒಂದು ತಿಂಗಳು ತಿರುಗಿ ಬರುವುದಿಲ್ಲ.

ನೆಲವನ್ನೂ ನೋಡಬೇಕು. ಕೃಷ್ಣೆಯ ನೀರು ಹರಿದಲ್ಲೆಲ್ಲ ಕಬ್ಬು ಹಬ್ಬಿದೆ. ಕಬ್ಬಿನ ಹೊಲಗಳಲ್ಲಿ ಕಳೆನಾಶಕವನ್ನು ಸಿಂಪಡಿಸುವರು. ಅಲ್ಲಿ ಉಳಿದ ಕೊಮ್ಮೆಯನ್ನೂ, ಗಟಾರದ ಬದಿಯದನ್ನೂ, ಮಹಾಪೂರ ಇಳಿದ ಕೆಸರಿನ ಮೇಲಿನದನ್ನೂ ಒಲೆಯ ಹತ್ತಿರ ತರಬಾರದು. ಆಯುವ ನೆಲ ಕಡಿಮೆಯಾದಂತೆ ಆಯುವ ಕೈಯೂ ಕಡಿಮೆಯಾಗುವುದು. ಗಿಡವು ಅಳಿಯದಿದ್ದರೂ ಗುರುತು ಅಳಿದುಹೋದೀತು. ಮುದುಕಿಯರ ಕಣ್ಣಿನಲ್ಲಿದ್ದ ಆ ಗುರುತು ಸೊಸೆಯಂದಿರಿಗೆ ದಾಟದಿದ್ದರೆ, ಅದನ್ನು ಯಾವ ಗ್ರಂಥವೂ ತಿರುಗಿ ಕೊಡಲಾರದು.

ಇದಕ್ಕೆ ಉಪಾಯವು ದೊಡ್ಡದಲ್ಲ. ಒಂದೊಂದು ಮಠದ ಹಿತ್ತಿಲಲ್ಲಿ, ಒಂದೊಂದು ಶಾಲೆಯ ಅಂಗಳದಲ್ಲಿ ಎರಡು ಮಾರು ನೆಲ ಸಾಕು. ಒಂದು ಮಡಿಯಲ್ಲಿ ಕೊಮ್ಮೆ, ಇನ್ನೊಂದು ಮಡಿಯಲ್ಲಿ ಮುಚ್ಚುಗೋಣಿ. ಎರಡಕ್ಕೂ ಹೆಸರಿನ ಹಲಗೆ. ಸಂಶಯ ಬಂದರೆ ಬೆಳಗಾವಿಯ ಆಯುರ್ವೇದ ಪಂಡಿತರಿಗೆ ಹೂ ಕಾಯಿ ಬೇರುಸಹಿತ ಗಿಡವನ್ನು ಒಯ್ದು ತೋರಿಸಬಹುದು. ಮಿರಗದ ಮಳೆಯಾದ ಮೇಲೆ ಹಿರಿಯರು ಮಕ್ಕಳನ್ನು ಅಲ್ಲಿ ಕೂಡಿಸಿ, ಅಂಟಿನ ಕಾಯಿ ಯಾವುದು, ಮುಚ್ಚಳದ ಕಾಯಿ ಯಾವುದು ಎಂದು ಕೈಯಿಂದ ಮುಟ್ಟಿಸಿ ತೋರಿಸಲಿ. ಬೇರು ಉಳಿದರೆ ಗಿಡವು ತಾನೇ ಪುನರ್ನವವಾಗುವುದು. ತಿಳಿವಳಿಕೆಯಾದರೋ ಒಬ್ಬರು ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಪುನರ್ನವವಾಗುವುದು.

ಸರ್ವರಿಗೂ ಆರೋಗ್ಯವಾಗಲಿ.