ಚಕ್ಕುಬಂದಿಯಲ್ಲಿಲ್ಲದ ನೀರು

ನಿವೃತ್ತಿಯಾದ ಮೇಲೆ ಹಳ್ಳಿಯ ಕಡೆ ನಾಲ್ಕೆಕರೆ ಹೊಲ ಕೊಂಡು ನೆಮ್ಮದಿಯಿಂದಿರಬೇಕೆಂಬ ಆಸೆ ನಮ್ಮ ಪಟ್ಟಣಿಗರಲ್ಲಿ ಬಹಳ ಹಳೆಯದು. ಆದರೆ ಅನೇಕ ವರ್ಷ ಈ ಆಸೆಗೆ ಕಾಯಿದೆಯ ಅಡ್ಡಿಯಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ, ಒಕ್ಕಲುತನದವರಲ್ಲದವರೂ, ಬೇರೆ ಮೂಲಗಳಿಂದ ನಿಗದಿತ ಮಿತಿ ಮೀರಿದ ಆದಾಯವುಳ್ಳವರೂ ಸಾಗುವಳಿ ಭೂಮಿಯನ್ನು ಕೊಳ್ಳುವಂತಿರಲಿಲ್ಲ. 79ಎ, 79ಬಿ ಎಂಬ ಆ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಅಂದಿನಿಂದ ನಮ್ಮ ರಾಯಚೂರು, ಮಾನ್ವಿ, ಸಿಂಧನೂರಿನ ವೈದ್ಯರು, ವಕೀಲರು, ಅಧ್ಯಾಪಕರು ಹೊಲದ ಮಾತನಾಡುವುದು ಹೆಚ್ಚಾಗಿದೆ. ಪೋತ್ನಾಳದ ಸುತ್ತ ಎಕರೆಯ ಬೆಲೆ ಏನಿದ್ದೀತೆಂದು ನನ್ನನ್ನು ಕೇಳುವವರೂ ಉಂಟು. ಕನ್ನಡ ಪಾಠ ಹೇಳಿದವನಿಗೆ ಬೆಲೆ ಏನು ಗೊತ್ತು? ಹಳೆಯ ಕಾಗದಗಳನ್ನು ಓದಬಲ್ಲೆನೆಂಬ ನಂಬಿಕೆಯಿಂದ ಬರುತ್ತಾರೆಂದು ಕಾಣುತ್ತದೆ.

ಆ ಕಾಗದಗಳ ಭಾಷೆ ನಿಜಕ್ಕೂ ಸೊಗಸು. ಮೊದಲು ಹೈದರಾಬಾದ್ ಸಂಸ್ಥಾನಕ್ಕೆ, ಆಮೇಲೆ 1956ರವರೆಗೆ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದ ಈ ನಾಡಿನಲ್ಲಿ ಖರೀದಿ, ಕರಾರು, ರಹನ, ತಕರಾರು, ದಸ್ತಾವೇಜು ಎಂಬ ಪದಗಳಿಲ್ಲದೆ ಒಂದು ಗುಂಟೆಯೂ ಕೈ ಬದಲಿಸುವುದಿಲ್ಲ. ಅವುಗಳ ನಡುವೆ ಚಕ್ಕುಬಂದಿ ಎಂಬುದೊಂದು ಭಾಗವುಂಟು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇನ್ನೊಬ್ಬರ ಹೊಲ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ದಾನಶಾಸನಗಳ ನೆನಪಾಗುತ್ತದೆ. ಅಲ್ಲಿಯೂ ಮತ್ತರುಗಳ ಲೆಕ್ಕ, ಅಳೆದ ಕೋಲಿನ ಹೆಸರು, ಆಮೇಲೆ ಹುತ್ತ, ಮರ, ಹಳ್ಳ, ನಟ್ಟ ಕಲ್ಲುಗಳ ಮೂಲಕ ಎಲ್ಲೆಯ ವಿವರ ಬರುತ್ತದೆ. ಕೊನೆಯಲ್ಲಿ ಅಳುಪಿದವರಿಗೆ ಶಾಪ. ಇಂದಿನ ಕ್ರಯಪತ್ರದಲ್ಲಿ ಶಾಪದ ಸ್ಥಾನವನ್ನು ಛಾಪಾ ಕಾಗದ ಪಡೆದಿದೆ.

ಎಲ್ಲ ನಾಡುಗಳಲ್ಲೂ ಹೀಗಿಲ್ಲ. ಅಮೆರಿಕದ ನಡುಸೀಮೆಯ ಸರೋವರ ಪ್ರಾಂತ್ಯಗಳಲ್ಲಿ 1785ರ ಭೂಶಾಸನದ ಪ್ರಕಾರ ನೆಲವನ್ನು ಒಂದೊಂದು ಚದರ ಮೈಲಿಯ, ಎಂದರೆ 640 ಎಕರೆಯ, ಚೌಕಗಳಾಗಿ ಕತ್ತರಿಸಿದರು. ಮೂಲನಿವಾಸಿಗಳಿಂದ ಒಪ್ಪಂದಗಳ ಹೆಸರಿನಲ್ಲಿ ಪಡೆದ ನೆಲ ಅದು. ಹಾಗಾಗಿ ಮೊದಲೇ ಅಲ್ಲಿದ್ದ ನೆರೆಯವರ ಹೆಸರು ಬೇಕಾಗಲಿಲ್ಲ, ಚೌಕದ ಸಂಖ್ಯೆ ಸಾಕಾಯಿತು. ನಮ್ಮಲ್ಲಿ ಹೊಲ ಕೊಳ್ಳುವವನು ನಾಲ್ವರು ನೆರೆಯವರನ್ನು ಹೆಸರು ಸಹಿತ ಕೊಳ್ಳುತ್ತಾನೆ. ಆದರೆ ಪೋತ್ನಾಳದಂಥ ಕಾಲುವೆ ಸೀಮೆಯಲ್ಲಿ ಐದನೆಯ ನೆರೆಯವನೊಬ್ಬನಿದ್ದಾನೆ. ಕಾಲುವೆಯ ಮೇಲ್ಭಾಗದಲ್ಲಿ, ಹಲವು ಮೈಲಿಗಳಾಚೆ ತೂಬು ತೆರೆಯುವವನು ಅವನು. ಅವನ ಹೆಸರು ಯಾವ ಚಕ್ಕುಬಂದಿಯಲ್ಲೂ ಬರುವುದಿಲ್ಲ.

ತುಂಗಭದ್ರೆಯ ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರು ಉದ್ದ. ಗಂಗಾವತಿ ಅದರ ತಲೆಯ ಕಡೆ, ಸಿಂಧನೂರು ನಡುವೆ, ಮಾನ್ವಿ-ರಾಯಚೂರು ಬಾಲದ ಕಡೆ. ಯೋಜನೆ ಮಾಡಿದವರು ಹೆಚ್ಚಿನ ಪಾಲು ನೆಲವನ್ನು ಜೋಳ, ಹತ್ತಿ, ಶೇಂಗಾದಂಥ ಅಲ್ಪ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿದ್ದರು. ಭತ್ತಕ್ಕೆ ಕೊಟ್ಟದ್ದು ಸಣ್ಣ ಪಾಲು. ಬರವನ್ನು ತಡೆಯುವುದು ಅವರ ಉದ್ದೇಶವಾಗಿತ್ತು, ಕೆಸರುಗದ್ದೆ ಮಾಡುವುದಲ್ಲ. ಆದದ್ದು ಬೇರೆ. ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ. 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ನೀರಿನ ಮಟ್ಟ ಎಷ್ಟಿದೆಯೆಂಬುದೇ ಕೆಳಭಾಗದವರ ಪಂಚಾಂಗ.

ಈ ಬದಲಾವಣೆಯ ಹಿಂದೆ ಒಂದು ದೊಡ್ಡ ಭೂಖರೀದಿಯ ಕತೆಯಿದೆ. ಅಣೆಕಟ್ಟು ಮುಗಿಯುವ ಹೊತ್ತಿಗೆ ಕೃಷ್ಣಾ-ಗೋದಾವರಿಗಳ ಮುಖಜ ಭೂಮಿಯಿಂದ ಆಂಧ್ರದ ರೈತರು ಬಂದರು. ಅಲ್ಲಿಯ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಎರೆಭೂಮಿ ಸಿಗುತ್ತಿತ್ತು. ಅವರು ಕಟ್ಟಿಕೊಂಡ ವಸತಿಗಳಿಗೆ ಇಂದಿಗೂ ಕ್ಯಾಂಪು ಎಂದೇ ಹೆಸರು. ಡಚ್ ವಿದ್ವಾಂಸ ಪೀಟರ್ ಮೊಲ್ಲಿಂಗಾ ಈ ಕಾಲುವೆಯ ನೀರಿನ ಹಂಚಿಕೆಯನ್ನೇ ವಿಷಯವಾಗಿಸಿ ಒಂದು ಗ್ರಂಥ ಬರೆದಿದ್ದಾರೆ. ಬಂದವರನ್ನು ದೂಷಿಸುವುದು ಸುಲಭ, ನಾನು ದೂಷಿಸಲಾರೆ. ಏರುತಗ್ಗಿನ ಬೆದ್ದಲನ್ನು ಸಮಮಾಡಿ, ಬದು ಹಾಕಿ, ಮಡಿ ಕಟ್ಟಿದ ದುಡಿಮೆ ಸಾಮಾನ್ಯವಾದುದಲ್ಲ. ಆದರೆ ಮಾರಿದವರ ಮಾತೂ ಇದೆಯಲ್ಲ? ನೀರು ಬರುವುದೆಂದು ಕೇಳಿದ್ದರು, ನೀರಿನ ಬೇಸಾಯಕ್ಕೆ ಬೇಕಾದ ಬಂಡವಾಳ ಅವರಲ್ಲಿರಲಿಲ್ಲ. ಮಳೆಯ ಹೊಲದ ಬೆಲೆಗೆ ಕೊಟ್ಟರು. ತಮ್ಮದೇ ಹಳೆಯ ಹೊಲದಲ್ಲಿ ನಾಟಿಗೆ, ಕೊಯ್ಲಿಗೆ ಕೂಲಿಗೆ ಹೋದ ಮನೆತನಗಳಿವೆ. ಅವರ ಕ್ರಯಪತ್ರಗಳಲ್ಲಿ ನಾಲ್ಕು ದಿಕ್ಕುಗಳೂ ಸರಿಯಾಗಿಯೇ ಇವೆ. ಬರಲಿದ್ದ ನೀರಿನ ಬೆಲೆಯೊಂದಿಲ್ಲ.

ಈಗ ಎರಡನೆಯ ಸುತ್ತು. ಈ ಸಲ ಕೊಳ್ಳುವವರು ನಾವು, ಪಟ್ಟಣಿಗರು. ನಮ್ಮ ಸ್ಥಿತಿ ತಿರುಗುಮುರುಗಾದುದು: ನೀರು ಬರುತ್ತದೆಂಬ ಬೆಲೆ ಕೊಟ್ಟು ಮಳೆಯ ಹೊಲವನ್ನು ಕೊಳ್ಳುವ ಅಪಾಯ ನಮ್ಮದು. ಭಾದ್ರಪದದಲ್ಲಿ ಹೋಗಿ ಹಸುರನ್ನು ನೋಡಿ ಮರುಳಾಗುವವರೇ ಬಹಳ. ವೈಶಾಖದಲ್ಲಿ ಹೋಗಿ ನೋಡಬೇಕು. ಭತ್ತಕ್ಕೆ ವರ್ಷವರ್ಷವೂ ನೀರು ನಿಲ್ಲಿಸಿದ ಎರೆಯಲ್ಲಿ ಅಂತರ್ಜಲ ಮೇಲೇರಿ, ಉಪ್ಪು ಬೆಳ್ಳಗೆ ಹೊರಗೆ ಕಾಣಿಸುತ್ತದೆ. ಸವುಳು ಎಂದು ಅದನ್ನು ಕರೆಯುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಅದರ ಚಿಕಿತ್ಸೆಯಲ್ಲಿ ತೊಡಗಿದೆ. ಆ ಸರ್ವೆ ನಂಬರು ಅಚ್ಚುಕಟ್ಟಿನಲ್ಲಿ ಸೇರಿದೆಯೆ, ಸೇರಿದ್ದರೆ ಯಾವ ಬೆಳೆಗೆ ಎಂಬುದನ್ನು ನೀರಾವರಿ ಕಚೇರಿಯಲ್ಲಿ ಕೇಳಬೇಕು. ಪಕ್ಕದಲ್ಲೇ ಹೊಲಗಾಲುವೆ ಹರಿದರೂ ನೀರಿನ ಹಕ್ಕಿಲ್ಲದ ನೆಲ ಬೇಕಾದಷ್ಟಿದೆ.

ಇನ್ನೊಂದು ವಿಚಾರವನ್ನು ಒತ್ತಿ ಹೇಳಬೇಕು. ಪಹಣಿ, ಋಣಭಾರ ಪತ್ರ, 11ಇ ನಕ್ಷೆಗಳನ್ನು ಎಲ್ಲರೂ ನೋಡುತ್ತಾರೆ. ಆ ನೆಲ ಮೊದಲು ಯಾರಿಗೆ ಹೇಗೆ ಬಂತೆಂದು ನೋಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಖರೀದಿ ಅಸಿಂಧು. ಇದನ್ನು ತೊಡಕೆಂದು ಗೊಣಗುವವರಿದ್ದಾರೆ. 1950ರ ದಶಕದಲ್ಲಿ ಮಾರಿ ಕೂಲಿಯಾದವರಿಗೆ ಇಂಥದೊಂದು ಆಸರೆ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಜಲಾಶಯವೂ ಮೊದಲಿನಂತಿಲ್ಲ. 133 ಟಿಎಂಸಿ ಅಡಿ ಹಿಡಿಯುತ್ತಿದ್ದುದು ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಬಾಲದ ಕಡೆಯ ರೈತರು ನಿದ್ದೆಗೆಟ್ಟರು. ಎರಡನೆಯ ಬೆಳೆಗೆ ನೀರುಂಟೋ ಇಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುವ ಸಂಗತಿ, ನೋಂದಣಿ ಕಚೇರಿಯಲ್ಲಲ್ಲ.

ಪಟ್ಟಣಿಗರು ಕೊಂಡ ಹೊಲವನ್ನು ಸಾಮಾನ್ಯವಾಗಿ ಎಕರೆಗೆ ಇಂತಿಷ್ಟು ಚೀಲ ಭತ್ತವೆಂದು ಗುತ್ತಿಗೆಗೆ ಕೊಡುತ್ತಾರೆ. ನೀರು ಬಾರದ ವರ್ಷ ಆ ಚೀಲಗಳ ಗತಿಯೇನೆಂದು ಬಾಯಿಮಾತಿನ ಕರಾರಿನಲ್ಲಿ ಇರುವುದೇ ಇಲ್ಲ. ಗುತ್ತಿಗೆದಾರನ ಹೆಸರು ಪಹಣಿಯಲ್ಲಿಯೂ ಬರುವುದು ಅಪರೂಪವಾದ್ದರಿಂದ ಬೆಳೆವಿಮೆ, ಪರಿಹಾರಗಳು ಅವನನ್ನು ಮುಟ್ಟುವುದಿಲ್ಲ. ಹೊಲ ಕೊಳ್ಳಲಿರುವ ಮಿತ್ರರು ಮುಂಗಡ ಕೊಡುವ ಮೊದಲು ಅಂಥ ಒಬ್ಬ ಗುತ್ತಿಗೆದಾರನ ಜೊತೆ ಒಂದು ಇರುಳು ತೂಬಿನ ಹತ್ತಿರ ಕುಳಿತು ಬರಲಿ. ಸರದಿಯ ನೀರು ರಾತ್ರಿಯೂ ಬರಬಹುದು. ಬಂದರೆ ಎಷ್ಟು ಹೊತ್ತು ಬಂತು, ಬಾರದಿದ್ದರೆ ಮೇಲೆ ಯಾರು ಕಟ್ಟಿದರು ಎಂಬುದನ್ನು ಅವನು ಹೇಳುತ್ತಾನೆ.