ಹೊಳೆಯೂ ಕರಾರೂ



ಹೊಲಕ್ಕೆ ಗಡಿಗಲ್ಲು ನೆಡಬಹುದು. ಹರಿಯುವ ಹೊಳೆಗೆ ನೆಡುವುದೆಂತು? ಆದರೂ ಕಾವೇರಿಯ ನೀರಿಗೆ ಹಕ್ಕುಪತ್ರ ಬರೆಯುವ ಪ್ರಯತ್ನವು ನೂರಮೂವತ್ತು ವರ್ಷಗಳಿಗೂ ಮಿಗಿಲಾಗಿ ನಡೆದುಬಂದಿದೆ. ಆ ಬರವಣಿಗೆಯಲ್ಲಿ ಕಠಿನವಾದ ಭಾಗ ಯಾವುದೆಂಬುದನ್ನು ಈ ಹೊತ್ತು ಅರಿಕೆಮಾಡುತ್ತೇನೆ.

1892ರಲ್ಲಿ ಮೈಸೂರಿಗೂ ಮದರಾಸಿಗೂ ಮೊದಲ ಒಡಂಬಡಿಕೆಯಾಯಿತು. ಅದರಲ್ಲಿ ಹೆಸರಿಸಿದ ಹೊಳೆಗಳಿಗೆ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟಕೂಡದು. ಮದರಾಸಿಗೂ ಒಂದು ನಿರ್ಬಂಧವಿತ್ತು: ದೀರ್ಘಾನುಭವದಿಂದ ಸಿದ್ಧಿಸಿ ವಾಸ್ತವವಾಗಿ ಇರುವ ಹಕ್ಕನ್ನು ಕಾಪಾಡುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅದು ಸಮ್ಮತಿಯನ್ನು ನಿರಾಕರಿಸುವಂತಿರಲಿಲ್ಲ. ತಂಜಾವೂರಿನ ಗದ್ದೆಗಳು ಕಾವೇರಿಯ ನೀರುಂಡದ್ದು ಶತಮಾನಗಳ ಮಾತು. ಮೊದಲೇ ಉತ್ತವನ ಹಕ್ಕು ದೊಡ್ಡದೋ, ಇನ್ನು ಮುಂದೆ ಉಳಬೇಕಾದವನ ಹಕ್ಕು ದೊಡ್ಡದೋ? ವ್ಯಾಜ್ಯವೆಲ್ಲವೂ ಆ ಒಂದು ವಾಕ್ಯದೊಳಗೇ ಅಡಗಿತ್ತು.

ಕನ್ನಂಬಾಡಿಯಲ್ಲಿ ಅದು ಹೊರಬಿದ್ದಿತು. ಮೈಸೂರು ಕೇಳಿದ್ದು 41.5 ಟಿ.ಎಂ.ಸಿ. ಹಿಡಿಯುವ ಜಲಾಶಯವನ್ನು; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮದರಾಸು ಒಪ್ಪಿದ್ದು 11ಕ್ಕೆ. ಆದರೂ ಶ್ರೀ ವಿಶ್ವೇಶ್ವರಯ್ಯನವರು ಪೂರ್ಣ ಎತ್ತರದ ಕಟ್ಟೆಗೆ ತಕ್ಕ ಅಗಲದಲ್ಲಿಯೇ ತಳಹದಿಯನ್ನು ಹಾಕಿಸಿದರು. ವಕೀಲರು ಇದನ್ನು ಏನೆಂದು ಕರೆಯುವರೋ ಕಾಣೆ. ಕಟ್ಟಡ ಬಲ್ಲವರು ಮುಂದಾಲೋಚನೆಯೆನ್ನುವರು. ವಿವಾದವು ಮಧ್ಯಸ್ಥಿಕೆಗೆ ಹೋಯಿತು. 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ನರು ಕೊಟ್ಟ ತೀರ್ಪನ್ನು 1916ರಲ್ಲಿ ಇಂಡಿಯಾ ಸರ್ಕಾರ ಸ್ಥಿರಪಡಿಸಿತು. ಮದರಾಸು ಲಂಡನ್ನಿನವರೆಗೂ ಮನವಿ ಒಯ್ದ ಮೇಲೆ, 1919ರಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಅದನ್ನು ತಳ್ಳಿಹಾಕಿದರು. ಕಡೆಗೆ 1924ನೆಯ ಫೆಬ್ರವರಿ 18ರಂದು ಕರಾರಿಗೆ ರುಜುವಾಯಿತು. ಕನ್ನಂಬಾಡಿಗೆ 44.827 ಟಿ.ಎಂ.ಸಿ., ಮೆಟ್ಟೂರಿಗೆ 93.5.

ಪತ್ರಿಕೆಗಳಲ್ಲಿ ಮೆರೆಯುವುದು ಈ ಅಂಕಿಗಳೇ. ಕರಾರಿನ ಜೀವಾಳವಾದರೋ ತಿರುಚಿನಾಪಳ್ಳಿಯ ಹತ್ತಿರ ಮೇಲಣೆಕಟ್ಟಿನಲ್ಲಿ ನೆಟ್ಟ ಒಂದು ಅಳತೆಗೋಲಿನಲ್ಲಿದೆ. ಆಯಾ ತಿಂಗಳಿಗೆ ಗೊತ್ತುಮಾಡಿದ ಮಟ್ಟಕ್ಕೆ ಅಲ್ಲಿ ನೀರು ಬಾರದಿದ್ದರೆ, ಮೇಲಿನ ಮೈಸೂರು ತನ್ನ ಜಲಾಶಯದಲ್ಲಿ ಹರಿವನ್ನು ಹಿಡಿದಿಡುವಂತಿಲ್ಲ. ಬಡ ವರ್ಷದ ನೀರು ಮೊದಲು ಕೆಳಗಿನವರಿಗೆ ಎಂದಂತಾಯಿತು.

ಕೊಡಗಿನ ಮುಂಗಾರು ತಡೆದರೆ ಮಂಡ್ಯದ ರೈತನು ಒಟ್ಟಲು ಮುಂದಿಟ್ಟುಕೊಂಡು ನಾಲೆಯ ಕಡೆ ನೋಡುತ್ತಾನೆ. ಅದೇ ಕಾಲಕ್ಕೆ ತಂಜಾವೂರಿನವನು ತನ್ನ ಕುರುವೈ ಬೆಳೆಗಾಗಿ ಮೆಟ್ಟೂರಿನ ತೂಬನ್ನು ಕಾಯುತ್ತಾನೆ. ಅವನ ಸೀಮೆಗೆ ಹಿಂಗಾರು ಇಳಿಯುವುದು ಅಕ್ಟೋಬರಿನಲ್ಲಿ. ಇಬ್ಬರಲ್ಲಿ ಯಾರೂ ಕಳ್ಳರಲ್ಲ. ಇಬ್ಬರಿಗೂ ಬೇಕಾದುದು ಅದೇ ನೀರು, ಅದೇ ವಾರ.

ಕರಾರಿನ ಕೆಲವು ಅಂಶಗಳನ್ನು ಐವತ್ತು ವರ್ಷಗಳಾದ ಮೇಲೆ, ಎಂದರೆ 1974ರಲ್ಲಿ, ಪುನರಾಲೋಚಿಸಬೇಕಾಗಿತ್ತು, ಮಾತುಕತೆ ಫಲಿಸಲಿಲ್ಲ. 1990ರಲ್ಲಿ ನ್ಯಾಯಮಂಡಳಿ ಏರ್ಪಟ್ಟು, 2007ರಲ್ಲಿ ಅಂತಿಮ ತೀರ್ಪಾಯಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಪಾಲಿನಿಂದ 14.75 ತೆಗೆದು ಕರ್ನಾಟಕಕ್ಕೆ ಕೂಡಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿನ ಬಾಬ್ತು.

ಹಂಚಿದ ಮೂಲಧನವೆಷ್ಟು? 740 ಟಿ.ಎಂ.ಸಿ.; ಶೇಕಡ 50ರ ಭರವಸೆಯ ಮೇಲೆ ಹಿಡಿದ ಲೆಕ್ಕ. ಸರಾಸರಿ ಎರಡು ವರ್ಷಗಳಲ್ಲಿ ಒಂದು ವರ್ಷ ಅಷ್ಟು ನೀರು ಬಾರದೆಂಬುದನ್ನು ಅಂಗೀಕರಿಸಿಯೇ ಬರೆದ ಹಂಚಿಕೆಯಿದು. ಕೊರತೆಯ ವರ್ಷದಲ್ಲಿ ಎಲ್ಲರ ಪಾಲನ್ನೂ ಪ್ರಮಾಣಾನುಸಾರ ಇಳಿಸತಕ್ಕದ್ದೆಂದು ತೀರ್ಪು ಹೇಳುತ್ತದೆ. ಸರಿಯೇ, ಆದರೆ ಎಷ್ಟು ಕೊರತೆಯೆಂಬುದು ನಿಶ್ಚಯವಾಗುವುದು ವರ್ಷ ಕಳೆದ ಮೇಲೆ, ಕಟ್ಟೆಯ ಬಾಗಿಲನ್ನು ಎತ್ತಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕಾದದ್ದು ಆಗಸ್ಟಿನಲ್ಲಿ. ಅಕ್ಟೋಬರಿನ ಮಳೆಯನ್ನು ಸಾಕ್ಷಿಯಾಗಿ ಕರೆಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲವಷ್ಟೆ.

2023ರಲ್ಲಿ ಹಾಗೆಯೇ ಆಯಿತು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ಸೆಕೆಂಡಿಗೆ 5,000 ಘನ ಅಡಿಯಂತೆ ಹದಿನೈದು ದಿನ ನೀರು ಬಿಡಬೇಕೆಂದು, 2018ರಲ್ಲಿ ನೇಮಕವಾಗಿದ್ದ ಕಾವೇರಿ ಪ್ರಾಧಿಕಾರವು ಸೆಪ್ಟೆಂಬರಿನಲ್ಲಿ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲಿಲ್ಲ. ಮಂಡ್ಯದ ರೈತರು ರಸ್ತೆಗಿಳಿದರು. 26ರಂದು ಬೆಂಗಳೂರಿನಲ್ಲಿ ಬಂದ್ ನಡೆಯಿತು. ಅತ್ತ ತಮಿಳುನಾಡು, ಬಂದ ನೀರು ಸಾಲದೆಂದು ದೂರುತ್ತಲೇ ಇತ್ತು.