ತರಗತಿಯ ಹೊರಗೊಂದು ಭಾಷಾ ಪಾಠ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಕೆಲವು ವರ್ಷಗಳ ಹಿಂದೆ ಆರನೇ ತರಗತಿಯ ಮಕ್ಕಳಿಗೆ ‘ನಾನು ನೋಡಿದ ಗೋಲ್‌ಗುಂಬಜ್’ ಎಂಬ ಪ್ರಬಂಧ ಬರೆಯಲು ಹೇಳಿದೆ. ಎಲ್ಲರ ನೋಟುಪುಸ್ತಕದಲ್ಲೂ ಒಂದೇ ಪ್ರಬಂಧ! ಮುಹಮ್ಮದ್ ಆದಿಲ್‌ಶಾಹನ ಸಮಾಧಿ, 1656ರಲ್ಲಿ ಪೂರ್ಣಗೊಂಡಿತು, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಗೈಡಿನಿಂದ ಇಳಿಸಿಕೊಂಡಿದ್ದರು. ಮಾಹಿತಿ ಸರಿಯಾಗಿಯೇ ಇತ್ತು. ಮಗುವಿನ ಸ್ವಂತ ಮಾತು ಮಾತ್ರ ಒಂದೂ ಇರಲಿಲ್ಲ. ಹೆಚ್ಚಿನವರು ಅದನ್ನು ನೋಡಿಯೇ ಇರಲಿಲ್ಲ. ತಪ್ಪು ಅವರದಲ್ಲ, ನೋಡದ್ದನ್ನು ‘ನೋಡಿದೆ’ ಎಂದು ಬರೆಯಿಸಿದ ನನ್ನದು.

ಮುಂದಿನ ತಿಂಗಳು ಅವರನ್ನು ವಿಜಯಪುರಕ್ಕೆ ಕರೆದೊಯ್ದೆ. ಗದ್ದಲವಿಲ್ಲದ ಮುಂಜಾನೆ ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿ ತಲುಪಿದೆವು. ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ. ಎದುರು ಬದಿಯಲ್ಲಿ ಗೆಳೆಯ ಕೇಳಿಸಿಕೊಂಡು ನಕ್ಕ. ಆಗ ಈತ ಗೋಡೆ ಮುಟ್ಟಿ, “ಇಸ್ಕೋ ಕನ್ನಡಾ ಮೇ ಕ್ಯಾ ಬೋಲ್ತೇ ಸರ್?” ಎಂದ. “ಗೋಡೆ” ಎಂದೆ. ಕಮಾನಿಗೆ? “ಕಮಾನು.” ಗುಂಬದ್‌ಗೆ? “ಗುಮ್ಮಟ.” ಅವನ ಮುಖ ಅರಳಿತು. ತನ್ನ ಮನೆಯ ಮಾತುಗಳು ಕನ್ನಡದಲ್ಲೂ ಇವೆಯೆಂದು ಅವನಿಗೆ ಅಂದೇ ತಿಳಿದದ್ದು.

ಮರುದಿನ ಅವನು ಬರೆದ: ‘ಗೊಡೆ ನನ್ನ ಗುಟ್ಟು ಗೆಳೆಯನಿಗೆ ಹೇಳಿತು.’ ಮೊದಲು ವಾಕ್ಯವನ್ನು ತರಗತಿಗೆ ಓದಿ ಹೇಳಿದೆ. ದೀರ್ಘವನ್ನು ಆಮೇಲೆ ತಿದ್ದಿದೆ. ಈ ಕ್ರಮ ಹಿಂದುಮುಂದಾದರೆ ಮಗು ಮತ್ತೆ ಗೈಡಿಗೇ ಮರಳುತ್ತದೆ.

ಶಿಕ್ಷಕ ಮಿತ್ರರೇ, ಇದಕ್ಕೆ ಬಸ್ಸೇ ಬೇಕೆಂದಿಲ್ಲ. ಊರಿನ ಸಂತೆ, ಅಂಚೆ ಕಚೇರಿ, ಕೆರೆಯ ದಂಡೆ ಸಾಕು. ಹೊರಡುವ ಮುನ್ನ ಹತ್ತು ಪದ ಕೊಡಿ. ಅಲ್ಲಿ ನೀವು ಕಡಿಮೆ ಮಾತನಾಡಿ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಐದನ್ನು ಗುರುತು ಹಾಕಿಕೊಳ್ಳಲಿ. ಮರಳಿದ ಮೇಲೆ ಮೊದಲು ಮನೆಮಾತಿನಲ್ಲಿ ಹೇಳಲಿ, ನಂತರ ಕನ್ನಡದಲ್ಲಿ ಬರೆಯಲಿ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ ಇದನ್ನೇ.

ಪಾಲಕರಲ್ಲಿ ಒಂದು ವಿನಂತಿ. ಆ ದಿನ ನಮ್ಮ ಬಸ್ಸಿನಲ್ಲಿ ಹೆಣ್ಣುಮಕ್ಕಳು ನಾಲ್ವರೇ ಇದ್ದರು. ಮನೆಯಲ್ಲಿ ಉಳಿದವರು ಮರುದಿನ ಬರೆಯಲು ಏನೂ ಇಲ್ಲದೆ ಸುಮ್ಮನೆ ಕುಳಿತಿದ್ದರು. ದಯವಿಟ್ಟು ಅವರನ್ನೂ ಕಳುಹಿಸಿ. ಜೊತೆಗೆ ತಾಯಂದಿರೂ ಬನ್ನಿ.

ವಿದ್ಯಾರ್ಥಿಗಳೇ, ಜೇಬಿನಲ್ಲೊಂದು ಪುಟ್ಟ ನೋಟುಪುಸ್ತಕ ಇರಲಿ. ದಿನಕ್ಕೊಂದು ವಾಕ್ಯ ಬರೆಯಿರಿ; ಅದು ನಿಮ್ಮದೇ ಆಗಿರಲಿ.